ಬಾಗಿಲಿಗೆ ಇಟ್ಟ ಕಾಲು

ಮಾರ್ಚ್ 4

ಭಾವ,

ನಾವಿಬ್ಬರೂ ಫೋನಿನಲ್ಲಿ ಕಿರುಚಾಡಿದ್ದು ಅಕ್ಕನಿಗೆ ಸಾಕಾಗಿದೆಯಂತೆ. ಇನ್ನು ಮೇಲೆ ಜಗಳ ಆಡುವುದಿದ್ದರೆ ಕಾಗದದಲ್ಲಿ ಆಡಿ, ಕಾಗದ ಮಗುವನ್ನು ಎಬ್ಬಿಸುವುದಿಲ್ಲ ಎಂದು ಅಪ್ಪಣೆಯಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ. ಕುಶಲ ಕೇಳುವ ಮನಸ್ಸಿಲ್ಲ, ಕೇಳಿದ್ದೇನೆ ಅಂದುಕೊಳ್ಳಿ.

ಅವತ್ತು ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟಿರಿ. ಮೊದಲಿನಿಂದ ಹೇಳುತ್ತೇನೆ.

ನಮ್ಮ ವರ್ಕ್‌ಶಾಪಿನಲ್ಲಿ ಗೋಡೆ ತುಂಬ ಕಪಾಟುಗಳಲ್ಲಿ ಪ್ಲಾಸ್ಟರಿನ ಕಾಲುಗಳಿದ್ದವು, ನೆನಪಿದೆಯಲ್ಲ? ಕಾಲು ಕಳೆದುಕೊಂಡವರು ಬಂದಾಗ ಉಳಿದ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕೃತಕ ಕಾಲಿನ ಸಾಕೆಟ್ ಮಾಡುತ್ತಿದ್ದೆವು. ಸಾಕೆಟ್ ಎಂದರೆ ಉಳಿದ ಕಾಲು ಕೂರುವ ಬಟ್ಟಲು. ಅದು ಸರಿಯಿದ್ದರೆ ಮನುಷ್ಯ ನಡೆಯುತ್ತಾನೆ, ಇಲ್ಲದಿದ್ದರೆ ಗಾಯ. ನೀವು ಬಂದವರು ಆ ಕಪಾಟುಗಳನ್ನು ನೋಡಿ ನಕ್ಕಿರಿ. 'ಇಷ್ಟೂ ಕಾಲನ್ನ ಇದರಲ್ಲಿ ಇಟ್ಕೋಬಹುದಲ್ಲೋ' ಎಂದು ನಿಮ್ಮ ಕಂಪನಿಯ ಎಸ್‌ಎಸ್‌ಡಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಿರಿ. ಬೆರಳುದ್ದದ ಚಿಪ್ಪು, ಕಂಪ್ಯೂಟರಿನ ಫೈಲುಗಳನ್ನೆಲ್ಲ ಹಿಡಿದಿಡುವ ಡ್ರೈವ್. ನಾನೂ ಮರುಳಾದೆ. ಎಲ್ಲ ಕಾಲುಗಳನ್ನೂ ಸ್ಕ್ಯಾನ್ ಮಾಡಿ ಅದರಲ್ಲಿ ತುಂಬಿಸಿ, ಅಚ್ಚುಗಳನ್ನು ಸುತ್ತಿಗೆಯಲ್ಲಿ ಒಡೆದು ಸುರಿಸಿದೆ. ಉಳಿದದ್ದು ಒಂದೇ ಒಂದು. ನಮ್ಮ ಬಾಗಿಲಿಗೆ ಸ್ಪ್ರಿಂಗ್ ಇದೆ, ಬಿಟ್ಟರೆ ರಪ್ಪೆಂದು ಮುಚ್ಚಿಕೊಳ್ಳುತ್ತದೆ. ಊರುಗೋಲು ಹಿಡಿದು ಬರುವವರ ಮೇಲೆ ಅದಕ್ಕೇನು ಹಗೆಯೋ. ಅದಕ್ಕೆ ಅಡ್ಡ ಇಡಲು ಒಂದು ಅಚ್ಚನ್ನು ಇಟ್ಟುಕೊಂಡೆ. ಅದು ಮಂಡಿಯ ಕೆಳಗೆ ಕಾಲು ಕಳೆದುಕೊಂಡು ನಮ್ಮಲ್ಲಿಗೆ ಬರುವ ಬಸ್ ಕಂಡಕ್ಟರಮ್ಮನ ಮೊದಲ ಅಚ್ಚು. ಒಡೆಯುವ ದಿನ ಅವರೂ ಅಲ್ಲಿದ್ದರು. 'ನನ್ನ ಕಾಲು ಅಲ್ಲಾದ್ರೂ ಕೂತ್ಕೊಂಡು ಕೆಲಸ ಮಾಡ್ಲಿ ಬಿಡಿ' ಎಂದು ಅವರೇ ತೆಗೆದು ಬಾಗಿಲಿಗೆ ಇಟ್ಟರು.

ಆಮೇಲೆ ಅವರ ಕಾಲು ಸೊರಗಿತು. ಒಂದು ಎಲುಬಿನ ತುದಿ ಚರ್ಮದ ಕೆಳಗೆ ಉಬ್ಬಿ ಎದ್ದಿತು. ಹೋದ ಚಳಿಗಾಲದಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ, ಆ ತುದಿಗೆ ಜಾಗ ಬಿಟ್ಟು, ಹಳೆಯ ಫೈಲಿನ ಮೇಲೇ ಹೊಸದನ್ನು ಉಳಿಸಿ ಮನೆಗೆ ಹೋದೆ. ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಫೈಲಿನ ಅಳತೆಯಂತೆ ಅಚ್ಚು ಕೊರೆಯುವ ಯಂತ್ರಕ್ಕೆ ಕಳಿಸಿದೆ. ಸಾಕೆಟ್ ಬಂತು. ಅವರು ಹಾಕಿಕೊಂಡು ಬಸ್ಸು ಹತ್ತಿದರು. ಸಕ್ಕರೆ ಕಾಯಿಲೆಯ ಕಾಲು, ನೋವು ತಡವಾಗಿ ಗೊತ್ತಾಗುತ್ತದೆ. ಗೊತ್ತಾಗುವ ಹೊತ್ತಿಗೆ ಗಾಯ ಎಲುಬು ಮುಟ್ಟಿತ್ತು.

ನಾನು ಮೊದಲು ಅವರನ್ನೇ ಬೈದೆ. ಆಮೇಲೆ ನಮ್ಮ ಗಾರೆ ತಾತನನ್ನು ಬೈದೆ. ಇಲ್ಲಿ ಎಲ್ಲರಿಗಿಂತ ಹಳಬ, ಪ್ಲಾಸ್ಟರ್ ಕಲಸಿ ಅಚ್ಚು ತೆಗೆಯುವವನು, ಯಂತ್ರ ಮುಟ್ಟಿಯೂ ಇಲ್ಲದ ಮನುಷ್ಯ, ಅವನನ್ನೂ ಬಿಡಲಿಲ್ಲ. ಕೊನೆಗೆ ಸಾಕೆಟ್ಟನ್ನು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತವನಿಗೆ ಏನನ್ನಿಸಿತೋ, ಬಗ್ಗಿ ಆ ಪ್ಲಾಸ್ಟರ್ ಕಾಲಿಗೆ ತೊಡಿಸಿದೆ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು, ಭಾವ. ಹಳೆಯ ಕಾಲಿಗೆ. ಫೈಲಿನ ಮೇಲೆ ಹೊಸ ತಾರೀಖು, ಒಳಗೆ ಹಳೆಯ ಕಾಲು.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಡ್ರೈವ್ ಕೊಟ್ಟಿದ್ದನ್ನೇ ನಕಲು ಮಾಡಿಕೊಂಡು ಅದೂ ಸುಮ್ಮನೆ ಕೂತಿದೆ.

ನಾನು ಉಳಿಸಲು ಕೊಟ್ಟದ್ದನ್ನು ನಿಮ್ಮ ಡ್ರೈವ್ 'ಬರೆದೆ' ಎಂದು ಹೇಳಿ, ಬರೆದಿಲ್ಲ. ಯಾಕೆ ಎಂದು ನೀವು ಹೇಳಬೇಕು. ಡ್ರೈವುಗಳನ್ನು ಪರೀಕ್ಷೆ ಮಾಡುವುದೇ ನಿಮ್ಮ ಹೊಟ್ಟೆಪಾಡು.

ನಿಮ್ಮ ಬಾಮೈದ


ಮಾರ್ಚ್ 15

ಬಾಮೈದ ಮಹಾಶಯರಿಗೆ,

ನಿನ್ನ ಕಾಗದ ತಲುಪಿತು. ನಿನ್ನ ಅಕ್ಕ ಮೊದಲು ಓದಿ ಆಮೇಲೆ ನನ್ನ ಕೈಗೆ ಕೊಟ್ಟಳು. ಈ ಮನೆಯಲ್ಲಿ ಅಂಚೆ ಬರುವ ದಾರಿಯೇ ಅದು. ಅವಳ ಮುಖ ನೋಡಿದರೆ ನಾನೇ ಹೋಗಿ ಆ ಹೆಂಗಸಿನ ಕಾಲು ಕೆರೆದು ಬಂದ ಹಾಗಿತ್ತು. ನಿನ್ನ ಕೋಪ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ, ಅದು ನನಗೆ ಹೊಸದಲ್ಲ. ಕಂಡಕ್ಟರಮ್ಮನ ವಿಷಯ ಓದಿ ಬೇಜಾರಾಯಿತು, ಅದು ನಿಜ.

ಈಗ ನನ್ನ ಮಾತು ಕೇಳು. ಡ್ರೈವಿನ ಒಳಗೇ ಕೂತು ಅದನ್ನು ನಡೆಸುವ ಚಿಕ್ಕ ಪ್ರೋಗ್ರಾಂ ಒಂದಿದೆ. ಅದೇ ಫರ್ಮ್‌ವೇರ್. ಕೆಲಸವಿಲ್ಲದಾಗ ಕರೆಂಟು ಉಳಿಸಲು ಅದು ಡ್ರೈವನ್ನು ಮಲಗಿಸುತ್ತದೆ. ಆ ನಿದ್ದೆಯಲ್ಲಿ ಹಂತಗಳಿವೆ, ಒಂದಕ್ಕಿಂತ ಒಂದು ಆಳ. ಎಷ್ಟು ಆಳಕ್ಕೆ ಹೋಗಬೇಕೆಂದು ಅಪ್ಪಣೆ ಕೊಡುವುದು ಕಂಪ್ಯೂಟರ್. ನಮ್ಮ ಡಬ್ಬಿಯ ಮೇಲೆ ಯಾವ ಯಾವ ಆಪರೇಟಿಂಗ್ ಸಿಸ್ಟಮ್‌ಗೆ, ಅಂದರೆ ಕಂಪ್ಯೂಟರನ್ನೇ ನಡೆಸುವ ಪ್ರೋಗ್ರಾಂಗೆ, ಈ ಡ್ರೈವ್ ಎಂದು ಅಚ್ಚಾಗಿದೆಯೋ, ಅವು ಯಾವುವೂ ಅದನ್ನು ಕೊನೆಯ ಹಂತಕ್ಕೆ ಕಳಿಸುವುದಿಲ್ಲ. ನಿನ್ನ ಲಿನಕ್ಸ್ ಕಳಿಸುತ್ತದೆ, ಅಷ್ಟು ಆಳದಿಂದ ಎದ್ದಾಗ ಆಗಷ್ಟೇ ಬರೆದದ್ದನ್ನು ಡ್ರೈವ್ ಮರೆತಿರಬಹುದು. ಲಿನಕ್ಸ್‌ನ ಹೆಸರು ಡಬ್ಬಿಯ ಮೇಲಿಲ್ಲ. ನೀನು ಡಬ್ಬಿ ಓದಿದ್ದೀಯಾ? ಜೇಬಿನಿಂದ ಕೊಟ್ಟಿರಿ, ಡಬ್ಬಿ ಎಲ್ಲಿಂದ ಬರಬೇಕು ಎಂದು ಕೇಳುತ್ತೀಯ, ಗೊತ್ತು.

ಬಿಟ್ಟಿ ಸಿಗುತ್ತದೆ ಎಂದು ಲಿನಕ್ಸ್ ಹಾಕಿಕೊಂಡವನು ನೀನು. ಎಲ್ಲರೂ ಉಪಯೋಗಿಸುವುದನ್ನು ನೀನೂ ಹಾಕಿಕೊ, ತಲೆನೋವು ಹೋಗುತ್ತದೆ. ಬೇಕಿದ್ದರೆ ಇನ್ನೊಂದು ಡ್ರೈವ್ ಕಳಿಸುತ್ತೇನೆ. ನಮ್ಮ ವಿಭಾಗದಲ್ಲೂ ಒಂದು ಮಾತು ಕೇಳಿ ನೋಡುತ್ತೇನೆ. ಆಗಿಹೋಯ್ತು ಅಂದುಕೊ.

ನಿನ್ನ ಭಾವ


ಮಾರ್ಚ್ 28

ಭಾವ,

'ಆಗಿಹೋಯ್ತು ಅಂದ್ಕೋ.' ಈ ಮಾತನ್ನು ನಿಮ್ಮ ಬಾಯಲ್ಲಿ ಕೇಳಿ ಕೇಳಿ ಅಕ್ಕನ ಕಿವಿ ತೂತಾಗಿದೆ. ನಲ್ಲಿ ಸೋರುತ್ತಿದೆ ಎಂದರೆ ಆಗಿಹೋಯ್ತು ಅಂದ್ಕೋ, ಕಿಟಕಿಯ ಚಿಲಕ ಮುರಿದಿದೆ ಎಂದರೆ ಆಗಿಹೋಯ್ತು ಅಂದ್ಕೋ. ಹೇಳಿ ಮಲಗಿಬಿಡುತ್ತೀರಿ. ಎದ್ದ ಮೇಲೆ ಕೇಳಿದರೆ ಯಾವ ನಲ್ಲಿ ಎನ್ನುತ್ತೀರಿ. ನಿಮ್ಮ ಡ್ರೈವಿಗೆ ಇದನ್ನು ಕಲಿಸಿದವರು ಯಾರು ಎಂದು ನನಗೆ ಇನ್ನು ಸಂಶಯವಿಲ್ಲ.

ಲಿನಕ್ಸ್ ಬಿಟ್ಟಿಗಾಗಿ ಹಾಕಿದ್ದಲ್ಲ. ನಮ್ಮ ಕೊರೆಯುವ ಯಂತ್ರದ ಪ್ರೋಗ್ರಾಂ ಅದರ ಮೇಲೆ ಮಾತ್ರ ಓಡುತ್ತದೆ. ಅದು ನಿಮಗೂ ಗೊತ್ತಿತ್ತು. ಡ್ರೈವ್ ಹಾಕಿದವರು ನೀವು, ಪರದೆಯ ಮೇಲೆ ಲಿನಕ್ಸ್ ಬಂದದ್ದನ್ನು ನೋಡಿ 'ಪರವಾಗಿಲ್ಲ ಕಣೋ, ಓಡುತ್ತೆ' ಎಂದವರೂ ನೀವೇ.

ನಾನು ಕೂತು ಓದಿದೆ. ಕಂಪ್ಯೂಟರ್ ಶುರುವಾಗುವಾಗ ಡ್ರೈವ್ ತನಗೆ ಏನೇನು ಬರುತ್ತದೆ ಎಂದು ತಾನೇ ಹೇಳಿಕೊಳ್ಳುತ್ತದೆ. ನಿಮ್ಮದು ಏನು ಹೇಳುತ್ತದೆ ಗೊತ್ತೇ? ಕೊನೆಯ ಹಂತದವರೆಗೂ ಮಲಗಬಲ್ಲೆ, ಎದ್ದಾಗ ಎಲ್ಲ ಇದ್ದಲ್ಲೇ ಇರುತ್ತದೆ ಎಂದು. ಲಿನಕ್ಸ್ ಅದನ್ನು ನಂಬಿತು. ಬೇರೆಯವರು ನಂಬದೆ ಆ ಹಂತಕ್ಕೆ ಕಳಿಸಲಿಲ್ಲ, ಬಚಾವಾದರು. ನಂಬಿದ್ದೇ ತಪ್ಪಾ? ಹಾಗಾದರೆ ನಾನೂ ತಪ್ಪು ಮಾಡಿದ್ದೇನೆ, ನಿಮ್ಮನ್ನು ನಂಬಿದ್ದು.

ಪರೀಕ್ಷೆಯನ್ನೂ ಮಾಡಿದೆ. ಒಂದು ಫೈಲಿನಲ್ಲಿ 'ಒಂದು' ಎಂದು ಬರೆದಿಟ್ಟೆ. ಮರುದಿನ ಅದರ ಮೇಲೆ 'ಎರಡು' ಎಂದು ಬರೆದೆ. ಬರೆದಾಯಿತು ಎಂದಿತು. ಮಲಗಲು ಬಿಟ್ಟೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ ಓದಿದರೆ 'ಒಂದು'. ಪ್ರತಿ ಸಲವೂ ಹಾಗಾಗುವುದಿಲ್ಲ. ಆಗಿದ್ದರೆ ಎಂದೋ ಸಿಕ್ಕಿಬೀಳುತ್ತಿತ್ತು. ಆಗೊಮ್ಮೆ ಈಗೊಮ್ಮೆ, ಯಾರ ಫೈಲಿನ ಮೇಲೆ ಮನಸ್ಸಾಗುತ್ತದೋ ಅವರದು. ಈಗ ಆ ಡ್ರೈವಿನಲ್ಲಿರುವ ಯಾರ ಕಾಲು ಹೊಸದು, ಯಾರದು ಹಳೆಯದು ಎಂದು ನನಗೆ ಗೊತ್ತಿಲ್ಲ. ಅಚ್ಚುಗಳಿದ್ದರೆ ಹೋಲಿಸಿ ನೋಡುತ್ತಿದ್ದೆ. ಒಡೆದಿದ್ದೇನೆ.

ಕಂಡಕ್ಟರಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಸೋಂಕು ಮೇಲಕ್ಕೆ ಹತ್ತುತ್ತಿದೆ. ತಡೆಯದಿದ್ದರೆ ಮಂಡಿಯ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಮಂಡಿ ಇದ್ದರೆ ಅವರು ಓಡುವ ಬಸ್ಸಿನಲ್ಲಿ ನಿಲ್ಲುತ್ತಾರೆ. ಬಸ್ಸು ತಿರುಗಿದಾಗ, ಬ್ರೇಕ್ ಹಾಕಿದಾಗ, ಕೈಯಲ್ಲಿ ಟಿಕೆಟ್ ಯಂತ್ರ ಹಿಡಿದು ಮಂಡಿಯಲ್ಲೇ ತೂಕ ಹಿಡಿಯುತ್ತಾರೆ. ಮಂಡಿ ಹೋದರೆ ಡಿಪೋದಲ್ಲಿ ಕುರ್ಚಿ.

ನನಗೆ ಹೊಸ ಡ್ರೈವ್ ಬೇಡ. ಇದು ನಿಮಗೆ ಮೊದಲೇ ಗೊತ್ತಿತ್ತೇ? ಅದನ್ನು ಬರೆಯಿರಿ.

ಬಾಮೈದ


ಏಪ್ರಿಲ್ 9

ನಿನಗೆ,

ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕೊಡಬೇಕಾದ ಒಂದು ಸಾಲು ಇದರ ಜೊತೆಯ ಚೀಟಿಯಲ್ಲಿದೆ. ಅದನ್ನು ಸೇರಿಸಿದರೆ ಡ್ರೈವ್ ಆಳದ ನಿದ್ದೆಗೆ ಹೋಗುವುದಿಲ್ಲ. ಮತ್ತೆ ಹೀಗಾಗುವುದಿಲ್ಲ. ಇದನ್ನು ನಾನು ಕೊಟ್ಟೆ ಎಂದು ಎಲ್ಲೂ ಹೇಳಬೇಡ.

ಗೊತ್ತಿತ್ತೇ ಎಂದು ಕೇಳಿದ್ದೀಯ. ಆ ಪ್ರಶ್ನೆಯನ್ನು ಬಿಡು. ನಮ್ಮಲ್ಲಿ ಯಾವುದನ್ನು ಪರೀಕ್ಷೆ ಮಾಡಬೇಕು, ಯಾವುದು ಬೇಡ ಎಂದು ಮೇಲಿನವರು ತೀರ್ಮಾನಿಸುತ್ತಾರೆ. ಡಬ್ಬಿಯ ಮೇಲೆ ಇಲ್ಲದ್ದನ್ನು ಪರೀಕ್ಷೆ ಮಾಡಲು ಹೊತ್ತು ಕೊಡುವುದಿಲ್ಲ. ಸರಿಪಡಿಸಿದ ಫರ್ಮ್‌ವೇರ್ ಬರುತ್ತದೆ ಎನ್ನುತ್ತಾರೆ. ಯಾವಾಗ ಎಂದು ನಾನು ಹೇಳಲಾರೆ. ಬಂದರೂ ಅದನ್ನು ಹಾಕುವ ಸಾಧನ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಎಲ್ಲ ಸಿಟ್ಟೂ ನಿನಗೊಬ್ಬನಿಗೇ ಇದೆ ಎಂದು ತಿಳಿದಿದ್ದೀಯ. ನಿನ್ನ ಕಾಗದ ಬಂದ ದಿನದಿಂದ ಈ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ನಲ್ಲಿ, ಚಿಲಕ ಎಂದು ಬರೆದೆಯಲ್ಲ, ಅದನ್ನು ಓದಿ ಅವಳು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಇಷ್ಟು ವರ್ಷ ಬೆಳಿಗ್ಗೆ ಎದ್ದು ಹೋಗಿ ದುಡಿದದ್ದು ಯಾರೂ ಬರೆದಿಡುವುದಿಲ್ಲ, ಸೋರುವ ನಲ್ಲಿ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಸಾಲು ಕೊಟ್ಟಿದ್ದೇನೆ. ಇನ್ನು ಇದನ್ನು ಇಲ್ಲಿಗೆ ಬಿಡು.

ಭಾವ


ಏಪ್ರಿಲ್ 17

ಭಾವ,

ಸಾಲು ಹಾಕಿದೆ. ಕೆಲಸ ಮಾಡುತ್ತದೆ. ಅಂದರೆ ಒಂದು ಸಾಲಿನ ಕೆಲಸ. ಒಂದೇ ಒಂದು ಸಾಲು ಭಾವ, ಅದು ನಿಮ್ಮ ತಲೆಯಲ್ಲಿ ಇತ್ತು, ಮತ್ತು ನೀವು ಕಾಗದದ ಮೇಲೆ ಕಾಗದ ಬರೆಸಿಕೊಂಡು ಆಮೇಲೆ ಕೊಟ್ಟಿರಿ. ನನ್ನ ಮೈ ಉರಿದುಹೋಗುತ್ತಿದೆ.

ಬಿಡು ಎನ್ನುತ್ತೀರಿ. ನನಗೆ ಭಾವ ಇದ್ದಾರೆ, ಚೀಟಿ ಬಂತು. ಭಾವ ಇಲ್ಲದವರು ಏನು ಮಾಡಬೇಕು? ಇದೇ ಡ್ರೈವ್ ಹಾಕಿ ಲಿನಕ್ಸ್ ಓಡಿಸುವ ಇನ್ನೊಂದು ವರ್ಕ್‌ಶಾಪ್ ಇರುತ್ತದೆ, ಇನ್ನೊಂದು ಲ್ಯಾಬ್ ಇರುತ್ತದೆ. ಅವರ ಫೈಲಿನ ಮೇಲೂ ಹೊಸ ತಾರೀಖೇ ಇರುತ್ತದೆ.

ಲಿನಕ್ಸ್ ಕರ್ನಲ್ ಬರೆಯುವವರ ಹತ್ತಿರ ಒಂದು ಪಟ್ಟಿ ಇದೆ ಎಂದು ಈಗ ನನಗೂ ಗೊತ್ತು. ತಮಗೆ ಬರುತ್ತದೆ ಎಂದು ಹೇಳಿ ಕೈಕೊಡುವ ಡ್ರೈವುಗಳ ಪಟ್ಟಿ. ಅದರಲ್ಲಿ ಹೆಸರು ಸೇರಿದರೆ, ಮುಂದೆ ಬರುವ ಲಿನಕ್ಸ್ ಎಲ್ಲ ಆ ಡ್ರೈವಿನ ಮಾತು ನಂಬದೆ ತಾನೇ ಹುಷಾರಾಗಿರುತ್ತದೆ. ಯಾರೂ ಚೀಟಿಗಾಗಿ ಕಾಯಬೇಕಿಲ್ಲ. ನಾನು ಅವರಿಗೆ ಬರೆದೆ. ಉತ್ತರ ಬಂತು, ಮರ್ಯಾದೆಯ ಉತ್ತರವೇ. ಒಂದು ಡ್ರೈವ್ ನೋಡಿ ಇಡೀ ಮಾದರಿಯನ್ನು ಸೇರಿಸಲಾಗುವುದಿಲ್ಲ, ನಿಮ್ಮದೊಂದೇ ಕೆಟ್ಟಿರಬಹುದು, ಬೇರೆ ಡ್ರೈವುಗಳಲ್ಲೂ ಹೀಗಾಗುತ್ತದೆ ಎಂದು ಯಾರಾದರೂ ತೋರಿಸಬೇಕು ಎಂದರು. ನನ್ನ ಹತ್ತಿರ ಇರುವುದು ಒಂದು. ಆಫೀಸಿನಲ್ಲಿ ನಿಮ್ಮ ಪರೀಕ್ಷೆಯ ಕೋಣೆಯಲ್ಲಿ ಕಪಾಟು ತುಂಬ ಇವೆ.

ಕಂಪನಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತು ಎಂದು ನಿಮಗೆ ಭಯ. ನನಗೆ ಅರ್ಥವಾಗುವುದಿಲ್ಲ ಅಂದುಕೊಂಡಿರಾ? ಅರ್ಥವಾಗುತ್ತದೆ. ಅರ್ಥವಾದರೂ ಕ್ಷಮಿಸಲು ಆಗುತ್ತಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಕಂಡಕ್ಟರಮ್ಮ ಪಕ್ಕದ ಹಾಸಿಗೆಯವರಿಗೆ ಒಂದಿಷ್ಟು ಸರಿದು ಕೂತ್ಕೊಳ್ಳಿ ಎಂದು ಹೇಳಿ ನನಗೆ ಜಾಗ ಮಾಡಿಸಿದರು, ಬಸ್ಸಿನಲ್ಲಿ ಮಾಡಿಸುವ ಹಾಗೆಯೇ. ನನ್ನ ಮೇಲೆ ಅವರಿಗೆ ಕೋಪವಿಲ್ಲ. ಅದನ್ನು ನೋಡಿ ನನ್ನ ಕೋಪ ಇನ್ನೂ ಜಾಸ್ತಿಯಾಯಿತು.

ಪರೀಕ್ಷೆ ಮಾಡಿ ಕಳಿಸಿ. ಇದಕ್ಕಿಂತ ಹೆಚ್ಚು ಬೇಡಲಾರೆ.

ಬಾಮೈದ


ಮೇ 6

ಭಾವ,

ನಿಮ್ಮಿಂದ ಕಾಗದವಿಲ್ಲ.

ಮೊನ್ನೆ ಕತ್ತರಿಸಿದರು. ಮಂಡಿಯ ಮೇಲಕ್ಕೆ.

ಅವರಿಗೆ ಎಚ್ಚರವಾದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಅವರೇ ಮೊದಲು ಮಾತಾಡಿದರು. 'ಬಾಗಿಲಿಗೆ ಇಟ್ಟಿದ್ದೀರಲ್ಲ ಆ ಕಾಲು, ಅದನ್ನ ತೆಗೆದು ನನಗೆ ಕೊಟ್ಬಿಡಿ. ನನ್ನ ಮಂಡಿ ಇನ್ನು ಅದರಲ್ಲಿ ಮಾತ್ರ ಇರೋದು' ಎಂದರು.

ಅಚ್ಚು ತೆಗೆಯುವಾಗ ಮಂಡಿಯನ್ನೂ ಸೇರಿಸಿಯೇ ಸುತ್ತುತ್ತೇವೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಪಾರ್ಸೆಲ್‌ನಲ್ಲಿ ಅದೇ ಇದೆ. ನಿಮಗೆ ಕಳಿಸುತ್ತಿದ್ದೇನೆ. ನಿಮ್ಮ ಮನೆಯ ಯಾವುದಾದರೂ ಬಾಗಿಲಿಗೆ ಇಟ್ಟುಕೊಳ್ಳಿ. ಹೋಗುವಾಗ ಬರುವಾಗ ನೋಡಿ. ಅದಕ್ಕೂ ಆಗಿಹೋಯ್ತು ಅಂದ್ಕೋ ಎಂದು ಹೇಳಿ.

ಇನ್ನು ನಾನು ಬರೆಯುವುದಿಲ್ಲ.


ಮೇ 24

ಪುಟ್ಟಾ,

ನೀನು ಬರೆಯುವುದಿಲ್ಲ ಎಂದೆ, ನಿನ್ನ ಭಾವನಿಗೆ ಬರೆಯುವ ಮುಖವಿಲ್ಲ. ಉಳಿದವಳು ನಾನು. ನಿಮ್ಮಿಬ್ಬರ ಕಾಗದಗಳನ್ನೂ ಓದುತ್ತಾ ಬಂದಿದ್ದೇನೆ, ಬಾಯಿ ಹಾಕಿರಲಿಲ್ಲ. ಈಗ ಹಾಕುತ್ತೇನೆ, ಸುಮ್ಮನೆ ಓದು.

ಪಾರ್ಸೆಲ್ ಬಿಚ್ಚಿದವಳು ನಾನೇ. ಏನೋ ಸಾಮಾನು ಅಂದುಕೊಂಡು ಅಡುಗೆಮನೆಯಲ್ಲಿ ಬಿಚ್ಚಿದೆ. ನೋಡಿ ಕೂತುಬಿಟ್ಟೆ. ಆಮೇಲೆ ನಿನ್ನ ಕಾಗದ ಓದಿದೆ. ಊಟದ ಮೇಜಿನ ಮೇಲೆ ನಿನ್ನ ಭಾವ ಕೂರುವ ಜಾಗದ ಎದುರಿಗೆ ಅದನ್ನು ಇಟ್ಟು, ಪಕ್ಕದಲ್ಲಿ ಕಾಗದ ಇಟ್ಟು, ಮಗುವನ್ನು ಎತ್ತಿಕೊಂಡು ಆಚೆ ಹೋದೆ. ತಿರುಗಿ ಬಂದಾಗಲೂ ಅವರು ಹಾಗೇ ಕೂತಿದ್ದರು. ಅನ್ನ ಮುಟ್ಟಿರಲಿಲ್ಲ. ಆ ಪ್ಲಾಸ್ಟರಿನಲ್ಲಿ ಮಂಡಿಚಿಪ್ಪಿನ ಗುಂಡಗಿನ ಗುರುತು ಇದೆಯಲ್ಲ, ಅದನ್ನೇ ನೋಡುತ್ತಿದ್ದರು.

'ಗೊತ್ತಿತ್ತಾ?' ಎಂದು ಕೇಳಿದೆ. ನೀನು ಕೇಳಿದ್ದನ್ನೇ ಕೇಳಿದೆ, ಬೈಯಲಿಲ್ಲ. ಅವರು ಹೇಳಿದರು. ಏನು ಹೇಳಿದರು ಎಂದು ನಿನಗೆ ಬರೆಯುವುದಿಲ್ಲ. ಅದು ನನ್ನ ಮನೆಯ ಮಾತು.

ಮರುದಿನದಿಂದ ಅವರು ತಡವಾಗಿ ಬರತೊಡಗಿದರು. ವಾರ ಕಳೆದ ಮೇಲೆ, ಲಿನಕ್ಸ್‌ನವರಿಗೆ ಕಳಿಸಿದ್ದೇನೆ, ಕಪಾಟಿನಲ್ಲಿದ್ದ ಡ್ರೈವುಗಳನ್ನೆಲ್ಲ ಪರೀಕ್ಷೆ ಮಾಡಿದೆ, ಹಳೆಯ ಫರ್ಮ್‌ವೇರ್ ಇರುವವು ಎಲ್ಲವೂ ಅಷ್ಟೇ ಎಂದರು. ಆಗಿಹೋಯ್ತು ಅಂದ್ಕೋ ಎಂದು ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ನಾನು ನಂಬಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಕಂಪ್ಯೂಟರ್ ಹಾಕಿ ತೋರಿಸಿ ಎಂದೆ. ಎಲ್ಲರೂ ನೋಡಬಹುದಾದ ಜಾಗದಲ್ಲಿ ಅದು ಇತ್ತು. ಡ್ರೈವಿನ ಹೆಸರು, ಒಂದೇ ಸಾಲು, ಕೆಳಗೆ ಅವರ ಸ್ವಂತ ಹೆಸರು. ಕಂಪನಿಯ ಹೆಸರಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿಸಿದೆ. ಆಗಲೂ ಇತ್ತು. ನಿನ್ನ ಪರೀಕ್ಷೆಯನ್ನೇ ಮಾಡಿದೆ ನೋಡು.

ಲಿನಕ್ಸ್‌ನವರು ಅದನ್ನು ಸೇರಿಸಿಕೊಂಡಿದ್ದಾರೆ. ಆಫೀಸಿನವರು ಇವರನ್ನು ಕರೆಸಿಕೊಂಡು ಮನೆಗೆ ಕಳಿಸಿದ್ದಾರೆ. ತನಿಖೆ ಮುಗಿಯುವವರೆಗೆ ಬರಬೇಡಿ ಎಂದರಂತೆ. ಮುಗಿದ ಮೇಲೂ ಕರೆಯುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಕೂತಿದ್ದಾರೆ. ನಿನ್ನೆ ನಲ್ಲಿ ಸರಿಮಾಡಿದರು. ನಾನು ತಿರುಗಿಸಿ ನೋಡಿದೆ, ಸೋರುತ್ತಿಲ್ಲ. ಅಳು ಬಂತು.

ಇದು ಅವರ ಕಥೆ. ಈಗ ನಿನ್ನದು.

ಆ ಹೆಂಗಸು ನಿನ್ನ ಹತ್ತಿರ ಕೇಳಿದ್ದು ಒಂದೇ. ಆ ಕಾಲನ್ನು ತನಗೆ ಕೊಡು ಎಂದಳು. ಅದನ್ನು ಕಿವಿಯಾರೆ ಕೇಳಿ, ನಿನ್ನ ಕೈಯಾರೆ ಬರೆದು, ಅದೇ ಕಾಗದದ ಜೊತೆ ಅದನ್ನು ನಮ್ಮ ಮನೆಗೆ ಕಳಿಸಿದೆ. ಅವಳ ಮಂಡಿ ಕಣೋ ಅದು. ನಿನ್ನ ಕೈಗೆ ಸಿಕ್ಕ ಕಲ್ಲಲ್ಲ, ಎತ್ತಿ ನಿನ್ನ ಭಾವನ ಮೇಲೆ ಎಸೆಯಲು. ಹೊಸದನ್ನು ಹೇಳಿದರೆ ಹಳೆಯದನ್ನೇ ಕೊಟ್ಟಿತು ಎಂದು ಡ್ರೈವನ್ನು ಅಷ್ಟು ಬೈದೆಯಲ್ಲ, ಅವಳು ಹೇಳಿದ್ದು ನಿನ್ನ ತಲೆಯಲ್ಲಿ ಎಲ್ಲಿ ಬರೆದುಕೊಂಡಿತು? ನಿನ್ನ ಕೋಪ ನ್ಯಾಯವಾದದ್ದೇ. ನ್ಯಾಯವಾದ ಕೋಪ ಇರುವವನಿಗೆ ಎದುರಿಗಿರುವವರು ಕಾಣಿಸುವುದಿಲ್ಲ ಎಂದಾದರೆ ಅದನ್ನು ಇಟ್ಟುಕೊಂಡು ಏನು ಮಾಡುತ್ತೀಯ?

ಮತ್ತೆ ಪಾರ್ಸೆಲ್ ಮಾಡಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಶಾಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ನಿಮ್ಮ ಊರಿಗೆ ಬಂದು ಹೋದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ಅಲ್ಲೂ ಒಂದು ಜಗಳ. ಅವಳು ಮನೆಗೆ ಬಂದಿದ್ದಾಳೆ. ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡಿದ್ದಾಳೆ, ರಸ್ತೆಯಲ್ಲಿ ಬಸ್ಸು ಹೋಗುವುದು ಕಾಣುತ್ತದೆ. ನಾನು ಇಂಥವಳು ಎಂದು ಹೇಳಿ ಶಾಲು ಬಿಚ್ಚಿ ಕೊಟ್ಟೆ. ಇಷ್ಟು ದಿನ ಎಲ್ಲಿತ್ತು ಎಂದು ಕೇಳಿದಳು. ನಮ್ಮ ಮನೆಯಲ್ಲಿತ್ತು ಎಂದೆ, ಯಾಕೆ ಎಂದು ಹೇಳಲು ನಾಚಿಕೆಯಾಯಿತು.

ಅವಳು ಮಂಡಿಯ ಗುಂಡಗಿನ ಗುರುತಿನ ಮೇಲೆ ಅಂಗೈ ಇಟ್ಟಳು. ಆಮೇಲೆ ನನ್ನ ಮುಖ ನೋಡಿ, 'ಬಸ್ಸಲ್ಲಿ ಇದಕ್ಕೆ ಟಿಕೆಟ್ ತಗೊಂಡ್ರಾ?' ಎಂದಳು. ಮಡಿಲಲ್ಲಿ ಕೂತವರಿಗೆ ಟಿಕೆಟ್ ಇಲ್ಲವಲ್ಲ ಎಂದೆ. ನಗಲು ಹೋದಳು, ಆಗಲಿಲ್ಲ. ಇಬ್ಬರೂ ಅತ್ತೆವು.

ಹೊರಡುವಾಗ ಕೇಳಿದೆ, ಹೊಸ ಕಾಲಿಗೆ ಬೇರೆ ಎಲ್ಲಾದರೂ ಹೋಗುತ್ತೀರಾ ಎಂದು. 'ಬೇರೆ ಎಲ್ಲಿಗೆ ಹೋಗಲಿ? ನನ್ನ ಕಾಲು ಗೊತ್ತಿರೋದು ಅವರಿಗೇ' ಎಂದಳು. ಗಾಯ ಪೂರ್ತಿ ಒಣಗಿದ ಮೇಲೆ ಡಾಕ್ಟರು ಹೇಳಿದ ದಿನ ಅಳತೆ ಕೊಡಲು ಬರುತ್ತಾಳೆ. ಗಾರೆ ತಾತನ ಕೈಯಲ್ಲಿ ಪ್ಲಾಸ್ಟರಿನ ಅಚ್ಚೂ ತೆಗೆಸು. ಅದಕ್ಕೆ ಮೊದಲು, ತಪ್ಪಿಲ್ಲದೆ ಬೈದದ್ದಕ್ಕೆ ಅವನ ಹತ್ತಿರ ನೀನು ಆಡಬೇಕಾದ ಒಂದು ಮಾತಿದೆ, ಮರೆಯಬೇಡ.

ಅವಳು ಎರಡು ಊರುಗೋಲು ಹಿಡಿದು ಬರುತ್ತಾಳೆ. ನಿಮ್ಮ ಬಾಗಿಲಿಗೆ ಅಡ್ಡ ಇಡಲು ಈಗ ಏನೂ ಇಲ್ಲ. ನೀನೇ ಹಿಡಿದುಕೊಂಡು ನಿಂತಿರು.

ಅಕ್ಕ